ಬೆವರ್ಲಿ ಗಾರ್ಲೆಂಡರ ಅಭಿನಯಕಲೆ

ನಾಟಕವನ್ನಾಗಲಿ ಚಲಚ್ಚಿತ್ರವನ್ನಾಗಲಿ ವಿಮರ್ಶಿಸುವಾಗ ಕೃತಿಯ ಯೋಗ್ಯತೆಯನ್ನೂ ಅದರಲ್ಲಿ ಪಾತ್ರ ವಹಿಸಿದವರ ಯೋಗ್ಯತೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಪದ್ಧತಿಯೊಂದು ರೂಢಿಯಲ್ಲಿದೆ. ಕೃತಿ ಉತ್ತಮವಾಗಿದ್ದರೆ ನಟನೂ ಉತ್ತಮನೆನಿಸುವನು. ಕೃತಿ ಅಧಮವಾದರೆ ನಟನ ಶ್ರಮವೂ ಅದರೊಡನೆ ಮುಳುಗುವುದು. ಈ ಪದ್ಧತಿಯಿಂದ ಹೆಚ್ಚಿನ ಹಾನಿಗೊಳಗಾದವರು ಹಾಲಿವುಡ್ಡಿನ ಬಿ-ದರ್ಜೆಯ ಚಿತ್ರಗಳಲ್ಲಿ ದುಡಿದ ನಟನಟಿಯರು. ಅವರಲ್ಲಿ ಬೆವರ್ಲಿ ಗಾರ್ಲೆಂಡರ (೧೯೨೬–೨೦೦೮) ಹೆಸರು ವಿಶೇಷವಾಗಿ ವಿಚಾರಾರ್ಹವಾದುದು. ಆಕೆಯನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಪ್ರಚಾರದಲ್ಲಿವೆ. ಒಳ್ಳೆಯ ಪ್ರತಿಭೆ ಕೀಳು ಚಿತ್ರಗಳಲ್ಲಿ ವ್ಯರ್ಥವಾಯಿತೆಂಬ ಮರುಕ ಒಂದು. ಆ ಚಿತ್ರಗಳು ನಗಲು ಯೋಗ್ಯವಾದುವು, ಆಕೆಯೂ ಆ ನಗೆಯ ಒಂದು ಭಾಗವೆಂಬ ಉಲ್ಲಾಸ ಮತ್ತೊಂದು. ಮೊದಲನೆಯ ಪಕ್ಷದವರು ಆಕೆಗೆ ದೊರೆಯದ ಪಾತ್ರಗಳನ್ನು ನೆನೆಯುವರು. ಎರಡನೆಯವರು ರಾಕ್ಷಸರ ರಬ್ಬರಿನ ಮೈಯನ್ನು ನೋಡುವರು. ಆಕೆ ನಿಜವಾಗಿ ಏನು ಮಾಡಿದರೆಂಬುದನ್ನು ಇಬ್ಬರೂ ನೋಡುವುದಿಲ್ಲ. ಅದನ್ನು ಪರಿಶೀಲಿಸುವುದೇ ಪ್ರಕೃತ ವಿಷಯವಾಗಿದೆ.

೧

ಈಕೆಯ ಜನ್ಮನಾಮ ಬೆವರ್ಲಿ ಲೂಸಿ ಫೆಸೆಂಡೆನ್. ೧೯೨೬ನೆಯ ಅಕ್ಟೋಬರ್ ೧೭ರಂದು ಕ್ಯಾಲಿಫೋರ್ನಿಯದ ಸಾಂಟಾ ಕ್ರೂಜ್ ಪಟ್ಟಣದಲ್ಲಿ ಜನಿಸಿ, ಲಾಸ್ ಏಂಜಲೀಸಿನ ಬಳಿಯ ಗ್ಲೆಂಡೇಲಿನಲ್ಲಿ ಬೆಳೆದರು. ರುಡಾಲ್ಫ್ ಮಾಟೆಯವರ ನಿರ್ದೇಶನದಲ್ಲಿ ತಯಾರಾಗಿ ೧೯೫೦ರಲ್ಲಿ ತೆರೆಕಂಡ ‘ಡಿ. ಒ. ಎ.’ ಎಂಬ ಚಿತ್ರದಲ್ಲಿ ಬೆವರ್ಲಿ ಕ್ಯಾಂಪ್‌ಬೆಲ್ ಎಂಬ ಹೆಸರಿನಿಂದ ಒಂದು ಸಣ್ಣ ಪಾತ್ರವನ್ನು ವಹಿಸಿದುದೇ ಚಿತ್ರರಂಗಪ್ರವೇಶ. ಬಳಿಕ ನಟ ರಿಚರ್ಡ್ ಗಾರ್ಲೆಂಡರನ್ನು ವಿವಾಹವಾದರು. ಆ ಸಂಬಂಧ ೧೯೫೩ರಲ್ಲಿ ಮುರಿದುಬಿದ್ದರೂ ಆ ಹೆಸರು ಮಾತ್ರ ಕೊನೆಯವರೆಗೂ ಉಳಿಯಿತು.

ಆಕೆ ವೃತ್ತಿಗೆ ಕಾಲಿಟ್ಟ ಕಾಲ ಹಾಲಿವುಡ್ಡಿನ ವ್ಯವಸ್ಥೆಯೇ ಸಡಿಲುತ್ತಿದ್ದ ಕಾಲ. ಅದಕ್ಕೆ ಮುಂಚೆ ದೊಡ್ಡ ಸಂಸ್ಥೆಗಳು ಚಿತ್ರಗಳನ್ನು ತಯಾರಿಸುತ್ತಿದ್ದುದಲ್ಲದೆ ಚಿತ್ರಮಂದಿರಗಳನ್ನೂ ತಾವೇ ಹೊಂದಿದ್ದುವು. ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸುವ ಪದ್ಧತಿಯಲ್ಲಿ ಎರಡನೆಯದಾಗಿ, ಅಲ್ಪ ವೆಚ್ಚದಲ್ಲಿ ಸಿದ್ಧವಾದುದೇ ಬಿ-ಚಿತ್ರ. ೧೯೪೮ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪ್ಯಾರಮೌಂಟ್ ಮೊದಲಾದ ಸಂಸ್ಥೆಗಳ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ ಈ ಏಕಸ್ವಾಮ್ಯ ಒಡೆಯಿತು. ಅದೇ ಹೊತ್ತಿಗೆ ಟೆಲಿವಿಷನ್ ಮನೆಮನೆಯನ್ನೂ ಹೊಕ್ಕಿತು. ದೊಡ್ಡ ಸಂಸ್ಥೆಗಳು ಅಗ್ಗದ ಚಿತ್ರಗಳನ್ನು ಕೈಬಿಡುತ್ತ ಬಂದಂತೆ ಆ ಸ್ಥಾನವನ್ನು ಸಣ್ಣ ಸ್ವತಂತ್ರ ಸಂಸ್ಥೆಗಳು ತುಂಬಿದುವು. ಅವುಗಳಲ್ಲಿ ಜೇಮ್ಸ್ ನಿಕಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ ಎಂಬವರು ೧೯೫೪ರಲ್ಲಿ ಆರಂಭಿಸಿ, ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಹೆಸರಿಟ್ಟ ಸಂಸ್ಥೆ ಮುಖ್ಯವಾದುದು. ಮೋಟಾರು ಗಾಡಿಯಲ್ಲಿಯೇ ಕುಳಿತು ನೋಡುವ ಬಯಲು ಚಿತ್ರಮಂದಿರಗಳೂ ಹದಿಹರೆಯದ ಪ್ರೇಕ್ಷಕರೂ ಇವರ ಗುರಿ. ಚಿತ್ರೀಕರಣಕ್ಕೆ ಒಂದು ವಾರ ಅಥವಾ ಹತ್ತು ದಿನ. ಪೂರ್ವಾಭ್ಯಾಸಕ್ಕೆ ಅವಕಾಶ ಅತ್ಯಲ್ಪ. ಒಮ್ಮೆ ತೆಗೆದ ದೃಶ್ಯವನ್ನು ಮತ್ತೆ ತೆಗೆಯುವುದು ದುಬಾರಿ. ಇಂಥ ಸ್ಥಿತಿಯಲ್ಲಿ ನಟರಿಗೆ ಬೇಕಾದ ಮೊದಲ ಗುಣ, ಕೂಡಲೆ ನಂಬುವ ಮತ್ತು ನಂಬಿಸುವ ಶಕ್ತಿ.

ಗಾರ್ಲೆಂಡರಲ್ಲಿ ಆ ಶಕ್ತಿಯಿತ್ತೆಂಬುದಕ್ಕೆ ಮೊದಲ ಸಾಕ್ಷ್ಯ ದೊರೆತುದು ಟೆಲಿವಿಷನ್ನಿನಲ್ಲಿ. ೧೯೫೪ರಲ್ಲಿ ಆರಂಭವಾದ ‘ಮೆಡಿಕ್’ ಎಂಬ ವೈದ್ಯಕೀಯ ಧಾರಾವಾಹಿಯ ಮೊದಲ ಕಂತಿನಲ್ಲಿ, ರಕ್ತದ ಕ್ಯಾನ್ಸರಿನಿಂದ ಸಾಯುತ್ತಿರುವ ಗರ್ಭಿಣಿಯ ಪಾತ್ರವನ್ನು ಆಕೆ ವಹಿಸಿದರು. ಆ ಅಭಿನಯಕ್ಕಾಗಿ ಎಮ್ಮಿ ಪ್ರಶಸ್ತಿಗೆ ಆಕೆಯ ಹೆಸರು ಸೂಚಿತವಾಯಿತು. ಆದುದರಿಂದ, ಅಗ್ಗದ ಚಿತ್ರಗಳಿಗೆ ಆಕೆ ಬಂದುದು ಬೇರೇನೂ ಅರಿಯದವರಾಗಿ ಅಲ್ಲ. ಗಂಭೀರ ಪಾತ್ರದ ಭಾರವನ್ನು ಹೊರಬಲ್ಲೆನೆಂದು ತೋರಿಸಿದ ಮೇಲೆಯೇ ರೋಜರ್ ಕಾರ್ಮನ್ನರ ಬಿಡುವಿಲ್ಲದ ಕಾರ್ಖಾನೆಗೆ ಆಕೆ ಕಾಲಿಟ್ಟರು.

೨

೧೯೫೬–೫೭ರಲ್ಲಿ ತೆರೆಕಂಡ ಕಾರ್ಮನ್ನರ ಐದು ಚಿತ್ರಗಳಲ್ಲಿ ಗಾರ್ಲೆಂಡರು ನಟಿಸಿದರು: ‘ಸ್ವಾಂಪ್ ವಿಮೆನ್’, ‘ಗನ್‌ಸ್ಲಿಂಗರ್’, ‘ಇಟ್ ಕಾಂಕರ್ಡ್ ದಿ ವರ್ಲ್ಡ್’, ‘ನೇಕೆಡ್ ಪ್ಯಾರಡೈಸ್’, ‘ನಾಟ್ ಆಫ್ ದಿಸ್ ಅರ್ತ್’. ಇವುಗಳಲ್ಲಿ ಮೂರನ್ನು ಆರಿಸಿಕೊಂಡರೆ ಆಕೆಯ ಅಭಿನಯದ ಸ್ವರೂಪ ಸ್ಪಷ್ಟವಾಗುವುದು.

‘ಗನ್‌ಸ್ಲಿಂಗರ್’ ಪಶ್ಚಿಮದ ಗಡಿನಾಡಿನ ಕಥೆ. ಊರಿನ ಮಾರ್ಷಲ್ ಪದವಿಯಲ್ಲಿದ್ದ ಗಂಡನು ಗುಂಡಿಗೆ ಬಲಿಯಾಗಲು ಹೆಂಡತಿ ರೋಸ್ ಹುಡ್ ತಾನೇ ಅವನ ಅಧಿಕಾರದ ಬಿಲ್ಲೆಯನ್ನು ಧರಿಸುವಳು. ಅವಳನ್ನು ಕೊಲ್ಲಿಸಲೆಂದು ಮದ್ಯದಂಗಡಿಯ ಒಡತಿ ಕರೆಸಿದ ಕೇನ್ ಮೈರೊ ಎಂಬ ಬಂದೂಕುಗಾರನಲ್ಲಿಯೇ ರೋಸಳಿಗೆ ಪ್ರೇಮ ಹುಟ್ಟುವುದು. ಕೊನೆಗೆ ಅವಳೇ ಅವನನ್ನು ಕೊಂದು ಊರನ್ನು ತೊರೆಯುವಳು. ಸುಮಾರು ಒಂದು ವಾರದಲ್ಲಿ, ಮಳೆಯ ಕಾಟದ ನಡುವೆ ತೆಗೆದ ಈ ಚಿತ್ರದಲ್ಲಿ ದೋಷಗಳು ಎಣಿಕೆಗೆ ಮೀರಿವೆ. ಪ್ರೇಮಕಥೆ ತೀರ ಅವಸರದ್ದು, ಸಂಭಾಷಣೆ ಸಪ್ಪೆಯಾದುದು. ಆದರೆ ಗಂಡನ ಶವಸಂಸ್ಕಾರದ ಸಂದರ್ಭವನ್ನು ಗಮನಿಸಬೇಕು. ಅಲ್ಲಿಗೆ ಬಂದ ಕೊಲೆಗಾರರಲ್ಲಿ ಒಬ್ಬನನ್ನು ರೋಸ್ ಸ್ಥಳದಲ್ಲಿಯೇ ಗುಂಡಿಕ್ಕಿ ಕೆಡಹುವಳು. ಸಾಮಾನ್ಯ ನಟಿಯೊಬ್ಬಳು ಇಲ್ಲಿ ಶೋಕದಿಂದ ಕ್ರೋಧಕ್ಕೆ ಹಾರುವ ಅಬ್ಬರವನ್ನು ತೋರಿಸುತ್ತಿದ್ದಳು. ಗಾರ್ಲೆಂಡರು ಅಬ್ಬರಿಸುವುದಿಲ್ಲ. ಶೋಕವು ಒಳಗೆ ಉಳಿದಿರುವಾಗಲೇ ಕೈ ಕೆಲಸ ಮಾಡುವುದು. ಮನೆಗೆಲಸವೊಂದನ್ನು ಮುಗಿಸುವ ಹೆಂಗಸಿನ ನಿಶ್ಚಯವು ಮುಖದಲ್ಲಿರುವುದು. ವಿಧವೆಯೊಬ್ಬಳು ಗಂಡನ ಅಧಿಕಾರವನ್ನು ವಹಿಸುವುದು ಅಸಂಭಾವ್ಯವೆಂಬ ಸಂದೇಹ ಪ್ರೇಕ್ಷಕನಲ್ಲಿ ಏಳುವುದಕ್ಕೆ ಮೊದಲೇ ಆ ನಿಶ್ಚಯವು ಅದನ್ನು ತಡೆಯುವುದು.

‘ಇಟ್ ಕಾಂಕರ್ಡ್ ದಿ ವರ್ಲ್ಡ್’ ಇನ್ನೂ ಕಠಿನವಾದ ಪರೀಕ್ಷೆ. ಟಾಮ್ ಆಂಡರ್‌ಸನ್ ಎಂಬ ವಿಜ್ಞಾನಿಯು ಶುಕ್ರಗ್ರಹದ ಜೀವಿಯೊಂದರ ಮಾತಿಗೆ ಮರುಳಾಗಿ ಭೂಮಿಯನ್ನು ಅದಕ್ಕೆ ಒಪ್ಪಿಸಲು ನೆರವಾಗುವನು. ಲೀ ವಾನ್ ಕ್ಲೀಫರು ಟಾಮನ ಪಾತ್ರವನ್ನೂ ಗಾರ್ಲೆಂಡರು ಅವನ ಹೆಂಡತಿ ಕ್ಲೇರಳ ಪಾತ್ರವನ್ನೂ ವಹಿಸಿರುವರು. ಪಾಲ್ ಬ್ಲೇಸ್‌ಡೆಲ್ ರಚಿಸಿದ ಆ ಜೀವಿಯ ಆಕಾರ ಭಯವನ್ನು ಹುಟ್ಟಿಸುವುದಿಲ್ಲ. ತಲೆಕೆಳಗಾದ ತರಕಾರಿಯಂತೆ ಕಂಡು ನಗೆಯನ್ನು ತರಿಸುವುದು. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಭಯಾನಕಕ್ಕೆ ಆಲಂಬನವಾಗಬೇಕಾದ ವಿಭಾವವೇ ಇಲ್ಲಿ ಹಾಸ್ಯಕ್ಕೆ ವಿಭಾವವಾಗಿದೆ. ಇಂಥ ಕಡೆ ನಟಿಯು ಭಯವನ್ನೇ ಅಭಿನಯಿಸಿದಷ್ಟೂ ನಗೆ ಹೆಚ್ಚುವುದು. ಅಂಜಿಕೆಯ ಅನುಭಾವಗಳಿಗೂ ಅಂಜಿಸಬೇಕಾದ ವಸ್ತುವಿಗೂ ಮೇಳವಾಗದು.

ಗಾರ್ಲೆಂಡರು ಈ ಬಿಕ್ಕಟ್ಟನ್ನು ಪರಿಹರಿಸಿದ ರೀತಿಯಲ್ಲಿಯೇ ಆಕೆಯ ಕಲೆಯ ರಹಸ್ಯವಿದೆ. ಕ್ಲೇರಳ ಪಾತ್ರವನ್ನು ಆಕೆ ಭಯದ ಮೇಲೆ ಕಟ್ಟಲೇ ಇಲ್ಲ. ಮೊದಲಿನಿಂದಲೂ ಕ್ಲೇರಳ ಕಣ್ಣಿಗೆ ಆ ಜೀವಿಯು ಒಂದು ಭೀಕರ ಅದ್ಭುತವಲ್ಲ. ತನ್ನ ಗಂಡನನ್ನು ತನ್ನಿಂದ ಕಿತ್ತುಕೊಂಡ ಪರಕೀಯ. ಟಾಮನೊಡನೆ ಅವಳು ಆಡುವ ಮಾತುಗಳಲ್ಲಿ ಮೊದಲು ಅಪಹಾಸ್ಯ, ಆ ಬಳಿಕ ಬೇಡಿಕೆ, ಕೊನೆಗೆ ತಿರಸ್ಕಾರ, ಹೀಗೆ ಕ್ರಮವಾದ ಏರಿಕೆಯುಂಟು. ಗಂಡನಲ್ಲಿ ನಂಬಿಕೆ ಪೂರ್ತಿ ತೀರಿದ ಮೇಲೆ ಬಂದೂಕನ್ನು ಹಿಡಿದು ಒಬ್ಬಳೇ ಗುಹೆಯನ್ನು ಹೊಗುವಳು, ಅಲ್ಲಿಯೇ ಮಡಿಯುವಳು. ಆ ದೃಶ್ಯದಲ್ಲಿ ಪ್ರೇಕ್ಷಕನ ದೃಷ್ಟಿ ಜೀವಿಯ ಮೇಲಿರದೆ ಅವಳ ಮೇಲಿರುವುದು. ಶತ್ರು ಎಂಥವನೆಂಬುದು ವೀರನ ಉತ್ಸಾಹಕ್ಕೆ ಮುಖ್ಯವೇ. ಆದರೆ ಉತ್ಸಾಹದ ಮೂಲ ಶತ್ರುವಿನ ಆಕಾರದಲ್ಲಿಲ್ಲ, ಮನೆ ಹಾಳಾದ ಹೆಂಗಸಿನ ನ್ಯಾಯದಲ್ಲಿದೆ. ಭಯಾನಕವು ಕುಸಿದ ಕಡೆ ವೀರವು ನಿಂತಿತು.

ಆ ಜೀವಿಯ ಮೊದಲ ರೂಪವು ತೀರ ಕುಳ್ಳಾಗಿತ್ತೆಂದೂ ಗಾರ್ಲೆಂಡರು ಅದನ್ನು ಕಂಡು ನಕ್ಕು ಕಾಲಿನಿಂದ ಒದ್ದುದರಿಂದ ಅದನ್ನು ಎತ್ತರಿಸಬೇಕಾಯಿತೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆಯಲ್ಲಿ ಅತಿಶಯೋಕ್ತಿ ಎಷ್ಟೇ ಇರಲಿ, ಅದರಿಂದ ಒಂದು ಅಂಶ ಹೊರಡುವುದು: ಎದುರಿಗಿದ್ದ ವಸ್ತುವಿನ ಹಾಸ್ಯಾಸ್ಪದತೆಯನ್ನು ಆಕೆ ಕಾಣದೆ ಇರಲಿಲ್ಲ. ಕಂಡೂ ಆ ಅರಿವು ಅಭಿನಯದೊಳಗೆ ಸುಳಿಯದಂತೆ ನೋಡಿಕೊಂಡರು. ಸತ್ತ್ವವೆಂಬುದು ಮನಸ್ಸಿನ ಏಕಾಗ್ರತೆಯಿಂದ ಹುಟ್ಟತಕ್ಕುದೆಂದು ನಾಟ್ಯಶಾಸ್ತ್ರ ಹೇಳುವುದು. ಆ ಏಕಾಗ್ರತೆಗೆ ಉತ್ತಮ ನಾಟಕಗಳಿಗಿಂತ ಇಂಥ ಚಿತ್ರಗಳೇ ಕಠಿನವಾದ ಒರೆಗಲ್ಲು.

‘ನಾಟ್ ಆಫ್ ದಿಸ್ ಅರ್ತ್’ ಚಿತ್ರದಲ್ಲಿ ವಿಧಾನ ಬೇರೆ. ಡವಾನ ಎಂಬ ಲೋಕದಿಂದ ಬಂದ, ಕಪ್ಪು ಕನ್ನಡಕದ ಹಿಂದೆ ಕೊಲ್ಲುವ ಕಣ್ಣುಗಳನ್ನು ಮರೆಸಿಕೊಂಡಿರುವ ಒಬ್ಬ ವ್ಯಕ್ತಿಯ ಮನೆಯಲ್ಲಿ, ಅವನಿಗೆ ಪ್ರತಿನಿತ್ಯ ರಕ್ತ ಕೊಡಲು ನೇಮಕಗೊಂಡ ದಾದಿ ನೇಡೀನ್ ಸ್ಟೋರಿ. ಇಲ್ಲಿ ಗಾರ್ಲೆಂಡರು ಆಶ್ರಯಿಸಿದುದು ವೃತ್ತಿಪರಳಾದ ಹೆಂಗಸಿನ ನಿತ್ಯದ ನಡವಳಿಕೆಯನ್ನು. ಅವಳು ರೋಗಿಯನ್ನು ನೋಡುವುದು ರೋಗಿಯೆಂದೇ. ಅವನ ವಿಚಿತ್ರವಾದ ಮಾತನ್ನು ಸಹಿಸುವುದು ಸಂಬಳ ಕೊಡುವ ಯಜಮಾನನ ವಿಚಿತ್ರವೆಂದೇ. ಕುತೂಹಲ ಸಂದೇಹವಾಗಿ, ಸಂದೇಹ ಶೋಧನೆಯಾಗಿ ಬೆಳೆಯುವುದು ಅಷ್ಟಷ್ಟಾಗಿ. ಒಂದು ಗಂಟೆಗಿಂತ ಸ್ವಲ್ಪವೇ ಹೆಚ್ಚಿನ ಈ ಚಿತ್ರವು ಕಾರ್ಮನ್ನರ ಆ ಕಾಲದ ಚಿತ್ರಗಳಲ್ಲಿ ಮೇಲಾದುದೆನಿಸಲು ಪಾಲ್ ಬರ್ಚರ ಶೀತಲವಾದ ಅಭಿನಯದೊಡನೆ ಗಾರ್ಲೆಂಡರ ಈ ಸಹಜತೆಯೂ ಕಾರಣವಾಗಿದೆ.

೩

ರಾಯ್ ಡೆಲ್ ರೂತರು ನಿರ್ದೇಶಿಸಿದ ‘ದಿ ಆಲಿಗೇಟರ್ ಪೀಪಲ್’ (೧೯೫೯) ಈ ಸರಣಿಯ ಹೊರಗಿನದು. ಆದರೂ ಆಕೆಯ ಕಲೆಯ ವಿಷಯದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ಮದುವೆಯಾದ ದಿನವೇ ರೈಲಿನಿಂದ ಕಾಣೆಯಾದ ಗಂಡನನ್ನು ಹುಡುಕುತ್ತ ಹೆಂಡತಿ ಲೂಯಿಸಿಯಾನದ ಜೌಗುಭೂಮಿಯನ್ನು ತಲಪುವಳು. ಅಲ್ಲಿ ಅವನು ವೈದ್ಯಪ್ರಯೋಗವೊಂದರ ಫಲವಾಗಿ ಮೊಸಳೆಯ ರೂಪಕ್ಕೆ ತಿರುಗುತ್ತಿರುವನು. ಕೊನೆಗೆ ಅವನು ಅವಳ ಕಣ್ಣೆದುರಿನಲ್ಲಿಯೇ ಕುಸಿಮರಳಿನಲ್ಲಿ ಮುಳುಗಿಹೋಗುವನು. ಕಥೆ ಹೀಗೆ ಹೇಳಿದರೆ ನಗೆಪಾಟಲು. ಆದರೆ ಕಥನದ ಚೌಕಟ್ಟು ಗಮನಾರ್ಹವಾದುದು. ನಡೆದುದನ್ನೆಲ್ಲ ಮರೆತು ಬೇರೊಂದು ಹೆಸರಿನಿಂದ ದಾದಿಯಾಗಿ ನೆಮ್ಮದಿಯಿಂದಿರುವ ಹೆಂಗಸನ್ನು ವೈದ್ಯರು ಕೃತಕನಿದ್ರೆಗೆ ಒಳಪಡಿಸಿದಾಗ ಅವಳ ಬಾಯಿಂದಲೇ ಈ ವೃತ್ತಾಂತ ಹೊರಡುವುದು. ಕೇಳಿ ಮುಗಿದ ಮೇಲೆ ಅವಳಿಗೆ ಅದನ್ನು ನೆನಪಿಸದಿರುವುದೇ ಲೇಸೆಂದು ವೈದ್ಯರು ತೀರ್ಮಾನಿಸುವರು.

ಆದುದರಿಂದ ನಟಿಯ ಮೇಲೆ ಎರಡು ಭಾರ ಬಿದ್ದಿವೆ: ನೆನಪಿನೊಳಗೆ ನೋಯುವ ಜಾಯ್ಸ್, ನೆನಪಿಲ್ಲದೆ ನಗುವ ದಾದಿ. ನಡುವಣ ಕಥೆಯಲ್ಲಿ ಚೀತ್ಕಾರಗಳು ಬೇಕಾದಷ್ಟಿವೆ. ಅವು ಆ ಕಾಲದ ಭಯಚಿತ್ರಗಳ ಕಡ್ಡಾಯದ ತೆರಿಗೆ. ಆದರೆ ಪಾತ್ರವನ್ನು ಮುಂದೊತ್ತುವುದು ಭಯವಲ್ಲ, ಹುಡುಕಾಟ. ಬೇಡವೆಂದವರ ಮನೆಯಲ್ಲಿಯೇ ಉಳಿದು, ಮುಚ್ಚಿದ ಬಾಗಿಲುಗಳನ್ನು ತಟ್ಟಿ, ಕಾಣಬಾರದುದನ್ನು ಕಂಡ ಮೇಲೂ ಗಂಡನಿಂದ ದೂರ ಸರಿಯದೆ ನಿಲ್ಲುವ ಛಲವು ಗಾರ್ಲೆಂಡರ ಕೈಯಲ್ಲಿ ಕರುಣಕ್ಕೆ ತಿರುಗುವುದು. ಮೊದಲಿನ ಮತ್ತು ಕೊನೆಯ ದೃಶ್ಯಗಳ ದಾದಿಯ ಸ್ವಚ್ಛವಾದ ನಗುವನ್ನು ಈ ಛಲದ ಪಕ್ಕದಲ್ಲಿಟ್ಟು ನೋಡಿದರೆ, ಅರಿವಿಲ್ಲದ ಸುಖ ಮೇಲೋ ಅರಿವಿನ ದುಃಖ ಮೇಲೋ ಎಂಬ ಪ್ರಶ್ನೆ ಚಿತ್ರಕಥೆಯ ಯೋಗ್ಯತೆಯನ್ನು ಮೀರಿ ಎದ್ದು ನಿಲ್ಲುವುದು.

೪

ಈ ಗುಣಗಳೆಲ್ಲ ಒಂದೆಡೆ ಕೂಡಿ ತಕ್ಕ ಆಶ್ರಯವನ್ನು ಪಡೆದುದು ‘ಡಿಕಾಯ್’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ. ೧೯೫೭ರ ಅಕ್ಟೋಬರಿನಿಂದ ೧೯೫೮ರ ಜುಲೈವರೆಗೆ ಇದರ ಅರ್ಧ ಗಂಟೆಯ ೩೯ ಕಂತುಗಳು ಪ್ರಸಾರವಾದುವು. ಪೊಲೀಸ್ ಮಹಿಳೆಯೊಬ್ಬಳನ್ನೇ ನಾಯಿಕೆಯನ್ನಾಗಿ ಉಳ್ಳ ಅಮೆರಿಕದ ಮೊದಲ ಧಾರಾವಾಹಿಯೆಂದು ಇದನ್ನು ಪರಿಗಣಿಸುವರು. ನ್ಯೂಯಾರ್ಕಿನ ಬೀದಿಗಳಲ್ಲಿಯೇ ಚಿತ್ರೀಕರಣ ನಡೆಯಿತು. ನಾಯಿಕೆ ಕೇಸಿ ಜೋನ್ಸ್ ಆ ನಗರದ ಪೊಲೀಸ್ ಇಲಾಖೆಯವಳು.

ಡಿಕಾಯ್ ಎಂಬ ಪದಕ್ಕೆ ಕನ್ನಡದಲ್ಲಿ ‘ದೀಹ’ವೆಂಬುದೇ ಸರಿಯಾದ ಪ್ರತಿಪದ. ಕಾಡಿನ ಮೃಗವನ್ನು ಸೆಳೆಯಲು ಬೇಟೆಗಾರನು ಒಡ್ಡುವ ಸಾಕುಮೃಗ ದೀಹ. ಕೇಸಿಯ ಕೆಲಸ ಅದೇ. ಪ್ರತಿಯೊಂದು ಪ್ರಕರಣಕ್ಕೂ ಆಕೆ ಬೇರೊಂದು ವೇಷವನ್ನು ತೊಟ್ಟು, ಬೇರೊಬ್ಬಳ ಬಾಳಿನೊಳಗೆ ಹೊಕ್ಕು, ಅಪರಾಧಿ ತಾನಾಗಿ ಬಳಿಗೆ ಬರುವಂತೆ ಮಾಡಬೇಕು. ಎಂದರೆ ಕೇಸಿಯೇ ಒಬ್ಬ ನಟಿ. ಅವಳ ವೇಷ ಬಯಲಾದರೆ ಕಳೆಯುವುದು ಪ್ರಶಸ್ತಿಯಲ್ಲ, ಪ್ರಾಣ. ಗಾರ್ಲೆಂಡರು ಇಲ್ಲಿ ಪಾತ್ರದೊಳಗಿನ ಪಾತ್ರವನ್ನು ಅಭಿನಯಿಸುವಾಗ ಒಂದು ಸೂಕ್ಷ್ಮವನ್ನು ಪಾಲಿಸುವರು. ವೇಷದ ಹೆಂಗಸಿಗೆ ಬೇಕಾದ ದನಿಯನ್ನೂ ನಡಿಗೆಯನ್ನೂ ಪೂರ್ತಿಯಾಗಿ ಕೊಟ್ಟರೂ, ಕಣ್ಣಿನಲ್ಲಿ ಮಾತ್ರ ಕೇಸಿಯ ಎಚ್ಚರವನ್ನು ಉಳಿಸಿಕೊಳ್ಳುವರು. ಈ ಎರಡು ನೆಲೆಗಳ ಅಂತರವೇ ಕಂತಿನ ಆತಂಕಕ್ಕೆ ಮೂಲ; ಅದಕ್ಕೆ ರಬ್ಬರಿನ ರಾಕ್ಷಸನ ಅಗತ್ಯವಿಲ್ಲ.

ಕೇಸಿಯೇ ಕಥೆಯನ್ನು ನಿರೂಪಿಸುವಳು. ಕಂತು ಮುಗಿಯುವಾಗ ಪ್ರೇಕ್ಷಕರ ಕಡೆಗೆ ತಿರುಗಿ ನೇರವಾಗಿ ಮಾತನಾಡುವುದೂ ಉಂಟು. ಇಂಥ ಉಪಸಂಹಾರ ನೀತಿಬೋಧೆಯಾಗುವ ಅಪಾಯ ಹೆಚ್ಚು. ಗಾರ್ಲೆಂಡರು ಅದನ್ನು ದಣಿದ ಕೆಲಸಗಾರ್ತಿಯೊಬ್ಬಳ ಮಾತಿನಂತೆ ಆಡುವರು: ಜಯಘೋಷವಿಲ್ಲ, ಹಿಡಿಯಲ್ಪಟ್ಟವರ ಮೇಲೆ ತಾತ್ಸಾರವೂ ಇಲ್ಲ. ತನ್ನನ್ನು ನಂಬಿದವರನ್ನು ಹಿಡಿದುಕೊಡಬೇಕಾದ ಕೆಲಸದ ಕಹಿಯನ್ನು ಆ ದಣಿವು ಸೂಚಿಸುವುದು. ಅಪರಾಧಕಥೆಗಳಲ್ಲಿ ನಾಯಕನಿಗೆ ಮಾತ್ರ ಮೀಸಲಾಗಿದ್ದ ಈ ನೈತಿಕ ಆಯಾಸವು ಹೆಂಗಸಿನ ಪಾಲಿಗೆ ಬಂದುದು ಅಮೆರಿಕದ ಟೆಲಿವಿಷನ್ನಿನಲ್ಲಿ ಹೊಸ ಸಂಗತಿ.

೩೯ ಕಂತುಗಳಿಗೆ ಧಾರಾವಾಹಿ ನಿಂತಿತು. ೧೯೫೭ರಲ್ಲಿ ಫ್ರಾಂಕ್ ಸಿನಾಟ್ರರು ನಾಯಕರಾಗಿದ್ದ ‘ದಿ ಜೋಕರ್ ಈಸ್ ವೈಲ್ಡ್’ ಎಂಬ ದೊಡ್ಡ ಚಿತ್ರದಲ್ಲಿ ಆಕೆಗೆ ಒಳ್ಳೆಯ ಉಪಪಾತ್ರ ದೊರೆತಿದ್ದಿತು. ಅದೂ ಮುಂದಿನ ಬಾಗಿಲನ್ನು ತೆರೆಯಲಿಲ್ಲ. ಪೊಲೀಸ್ ಮಹಿಳೆಯನ್ನು ಕೇಂದ್ರವಾಗಿಟ್ಟ ‘ಪೊಲೀಸ್ ವುಮನ್’ ಎಂಬ ಧಾರಾವಾಹಿ ಏಂಜಿ ಡಿಕಿನ್‌ಸನ್ನರ ಅಭಿನಯದಲ್ಲಿ ಜನಪ್ರಿಯವಾದುದು ೧೯೭೪ರ ಬಳಿಕ. ‘ಡಿಕಾಯ್’ ಆರಂಭವಾದಂದಿನಿಂದ ಅಲ್ಲಿಗೆ ೧೭ ವರ್ಷಗಳು ಕಳೆದಿದ್ದುವು.

೫

ಆ ೧೭ ವರ್ಷಗಳಲ್ಲಿ ಟೆಲಿವಿಷನ್ನು ಗಾರ್ಲೆಂಡರಿಗೆ ಕೊಟ್ಟುದು ಗೃಹಿಣಿಯ ಸ್ಥಾನವನ್ನು. ೧೯೬೪–೬೫ರ ‘ಬಿಂಗ್ ಕ್ರಾಸ್ಬಿ ಷೋ’ದಲ್ಲಿ ನಾಯಕನ ಹೆಂಡತಿ, ೧೯೬೯ರಿಂದ ೧೯೭೨ರ ವರೆಗೆ ‘ಮೈ ತ್ರೀ ಸನ್ಸ್’ ಧಾರಾವಾಹಿಯಲ್ಲಿ ಫ್ರೆಡ್ ಮಕ್‌ಮರ್ರಿಯವರು ವಹಿಸಿದ ವಿಧುರನ ಎರಡನೆಯ ಹೆಂಡತಿ, ಅವನ ಮಕ್ಕಳಿಗೆ ಮಲತಾಯಿ. ಬಹುಸಂಖ್ಯೆಯ ಪ್ರೇಕ್ಷಕರು ಆಕೆಯನ್ನು ನೆನೆಯುವುದು ಈ ಪಾತ್ರದಿಂದಲೇ. ಇದನ್ನು ಹೀನವೆನ್ನಲಾಗದು, ಮಲತಾಯಿಯೆಂದರೆ ಕ್ರೂರಿಯೆಂಬ ಹಳೆಯ ಕಥಾರೂಢಿಗೆ ಎದುರಾಗಿ ಮಿತವಾದ, ನಗುನಗುವ ಆತ್ಮೀಯತೆಯನ್ನು ಆಕೆ ನಿಲ್ಲಿಸಿದರು. ಆದರೆ ಆ ಗೃಹಸ್ಥ ಕಥೆಯಲ್ಲಿ ಹೆಂಗಸು ನಿರ್ಣಯಿಸಬೇಕಾದ ಸಂಗತಿಗಳು ಸಣ್ಣವು. ಉತ್ಸಾಹವೆಂಬ ಸ್ಥಾಯಿಗೆ ಅಲ್ಲಿ ಎಡೆಯಿಲ್ಲ.

‘ಸ್ಕೇರ್‌ಕ್ರೊ ಅಂಡ್ ಮಿಸೆಸ್ ಕಿಂಗ್’ (೧೯೮೩–೮೭) ಧಾರಾವಾಹಿಯಲ್ಲಿ ಈ ಸ್ಥಿತಿಯ ವ್ಯಂಗ್ಯ ಪೂರ್ಣವಾಯಿತು. ಅಲ್ಲಿ ಗೂಢಚಾರಿಣಿ ಮಗಳು. ಗಾರ್ಲೆಂಡರು ವಹಿಸಿದ ತಾಯಿ ಡಾಟಿಗೆ ಮಗಳ ಗುಪ್ತವೃತ್ತಿಯ ಸುಳಿವೇ ಇಲ್ಲ. ಒಂದು ಕಾಲಕ್ಕೆ ವೇಷ ತೊಟ್ಟು ನಗರವನ್ನೆಲ್ಲ ಅರಿತಿದ್ದ ಕೇಸಿಯನ್ನು ಮೂಡಿಸಿದ ನಟಿಗೆ, ಮನೆಯೊಳಗಿನ ವೇಷವನ್ನೂ ಅರಿಯದ ತಾಯಿಯ ಪಾತ್ರ ದೊರಕಿತು. ಅದನ್ನೂ ಆಕೆ ಹಾಸ್ಯಕ್ಕೆ ಬೇಕಾದ ನಿಖರತೆಯಿಂದ ನಿರ್ವಹಿಸಿದರು. ೧೯೮೩ರಲ್ಲಿ ಹಾಲಿವುಡ್ಡಿನ ಕೀರ್ತಿಪಥದಲ್ಲಿ ಆಕೆಯ ಹೆಸರಿನ ನಕ್ಷತ್ರವನ್ನು ಕೆತ್ತಿದರು. ಅದು ಟೆಲಿವಿಷನ್ ಸೇವೆಗಾಗಿ. ಈ ನಡುವೆ ೧೯೭೨ರಲ್ಲಿ ಆಕೆಯೂ ಪತಿ ಫಿಲ್‌ಮೋರ್ ಕ್ರಾಂಕರೂ ಉತ್ತರ ಹಾಲಿವುಡ್ಡಿನಲ್ಲಿ ಒಂದು ಹೋಟೆಲನ್ನು ತೆರೆದಿದ್ದರು. ನಟನೆಯ ಬದುಕು ಪಾತ್ರ ಹಂಚುವವರ ಅಧೀನವಾಗಿದ್ದಾಗ, ಆಕೆಯ ಹೆಸರನ್ನು ಹೊತ್ತ ಈ ಉದ್ಯಮವು ಸ್ವಾಧೀನವಾದ ನೆಲೆಯೊಂದನ್ನು ಒದಗಿಸಿತು. ೨೦೦೮ನೆಯ ಡಿಸೆಂಬರ್ ೫ರಂದು, ೮೨ನೆಯ ವಯಸ್ಸಿನಲ್ಲಿ, ಆಕೆ ನಿಧನರಾದರು.

೬

ಇಷ್ಟರಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಮರುಕದ ಪಕ್ಷ ನಿಲ್ಲದು. ಗಾರ್ಲೆಂಡರಿಗೆ ಕ್ರಿಯಾಶೀಲರಾದ ಹೆಂಗಸರ ಪಾತ್ರಗಳು ದೊರೆತುದು ಅಗ್ಗದ ಚಿತ್ರಗಳಲ್ಲಿಯೂ ಅಲ್ಪಾಯುಷಿಯಾದ ಒಂದು ಧಾರಾವಾಹಿಯಲ್ಲಿಯೂ. ಮರ್ಯಾದೆಯ ವೇದಿಕೆಗಳು ಕೊಟ್ಟುದು ಹೆಂಡತಿಯ ಮತ್ತು ತಾಯಿಯ ಪಾತ್ರಗಳನ್ನು. ಅಗ್ಗದ ತಯಾರಕರು ಸ್ತ್ರೀಯರ ಏಳ್ಗೆಯನ್ನು ಬಯಸಿದವರಲ್ಲ. ಬಂದೂಕು ಹಿಡಿದ ಹೆಂಗಸಿನ ಚಿತ್ರ ಭಿತ್ತಿಪತ್ರದಲ್ಲಿ ಜನರನ್ನು ಸೆಳೆಯುವುದೆಂಬುದೇ ಅವರ ಲೆಕ್ಕ. ಆದರೆ ಲೆಕ್ಕಕ್ಕಾಗಿ ತೆರೆದ ಬಾಗಿಲಿನಿಂದಲೂ ಕಲೆ ಒಳಗೆ ಬರಬಹುದು. ಬಿ-ದರ್ಜೆಯು ಆಕೆಯ ಪ್ರತಿಭೆಯ ಕಾರಾಗೃಹವೆಂಬುದಕ್ಕಿಂತ ಅದರ ರಣಭೂಮಿಯೆಂಬುದೇ ಸತ್ಯಕ್ಕೆ ಸಮೀಪವಾದುದು.

ಎರಡನೆಯದಾಗಿ, ನಗೆಯ ಪಕ್ಷವೂ ನಿಲ್ಲದು. ‘ಮಿಸ್ಟರಿ ಸೈನ್ಸ್ ಥಿಯೇಟರ್ ೩೦೦೦’ ಎಂಬ ಅಮೆರಿಕದ ಹಾಸ್ಯಕಾರ್ಯಕ್ರಮವು ೧೯೯೧ರಲ್ಲಿ ‘ಇಟ್ ಕಾಂಕರ್ಡ್ ದಿ ವರ್ಲ್ಡ್’ ಚಿತ್ರವನ್ನೂ ೧೯೯೩ರಲ್ಲಿ ‘ಗನ್‌ಸ್ಲಿಂಗರ್’ ಚಿತ್ರವನ್ನೂ ಪರಿಹಾಸಕ್ಕೆ ಒಡ್ಡಿತು. ಪರಿಹಾಸದಲ್ಲಿ ತಪ್ಪಿಲ್ಲ, ಅದರ ಬಹುಭಾಗಕ್ಕೆ ಆ ಚಿತ್ರಗಳು ಅರ್ಹವಾಗಿಯೇ ಇವೆ. ಆದರೆ ಆ ನಗೆಯ ನಡುವೆಯೂ ಗುಹೆಯ ಬಾಯಲ್ಲಿ ನಿಂತ ಕ್ಲೇರಳ ಕಡೆ ದೃಷ್ಟಿ ಹರಿದಾಗ ನಗೆ ಒಂದು ಕ್ಷಣ ತಡೆಯುವುದು. ನಟಿಯ ಶಕ್ತಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಮೂರನೆಯದಾಗಿ, ಈ ಮೆಚ್ಚುಗೆಗೆ ಒಂದು ಮೇರೆಯೂ ಇರತಕ್ಕುದು. ಅಭಿನಯವು ಕೃತಿಯನ್ನು ಉದ್ಧರಿಸಿತೆಂದು ಹೇಳಿದರೆ ಅದು ಅತ್ಯುಕ್ತಿ. ವಿಭಾವಾನುಭಾವಗಳ ಸಂಯೋಗವಿಲ್ಲದೆ ರಸನಿಷ್ಪತ್ತಿಯಿಲ್ಲವೆಂಬ ಸಿದ್ಧಾಂತ ಇಲ್ಲಿಯೂ ಸುಳ್ಳಾಗುವುದಿಲ್ಲ. ಗಾರ್ಲೆಂಡರ ಅಭಿನಯದಿಂದ ‘ಇಟ್ ಕಾಂಕರ್ಡ್ ದಿ ವರ್ಲ್ಡ್’ ಉತ್ತಮ ಚಿತ್ರವಾಗಲಿಲ್ಲ. ಅದರಲ್ಲಿ ಕೆಲವು ಉತ್ತಮ ನಿಮಿಷಗಳಿವೆ, ಅಷ್ಟೇ. ಕೃತಿ ಸೋತರೂ ನಟಿ ಗೆದ್ದಿರಬಹುದು. ನಟಿ ಗೆದ್ದಳೆಂಬುದರಿಂದ ಕೃತಿಯನ್ನು ಮೇಲಕ್ಕೆತ್ತಬೇಕಾದುದಿಲ್ಲ. ಈ ಎರಡು ತೀರ್ಮಾನಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವ ವಿಮರ್ಶೆಗೆ ಮಾತ್ರ ಗಾರ್ಲೆಂಡರಂಥ ನಟಿಯರು ಕಾಣುವರು. ಭಯಪಡುವುದಕ್ಕೆಂದೇ ಹೆಂಗಸರನ್ನು ಕರೆಸುತ್ತಿದ್ದ ಒಂದು ಚಿತ್ರಪ್ರಕಾರದಲ್ಲಿ ಭಯದ ಎಡೆಗೆ ಉತ್ಸಾಹವನ್ನು ತಂದುದು ಆಕೆಯ ಸಾಧನೆ. ಆ ಉತ್ಸಾಹಕ್ಕೆ ತಕ್ಕ ಆಲಂಬನವನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಒದಗಿಸಲಾರದೆ ಹೋದುದು ಆ ಕಾಲದ ಸೋಲು.